ಪ್ರತಿದೀಪ್ತ ಅಮೈನೋ ಆಮ್ಲಗಳು: ಜೀವಂತ ಕೋಶದಲ್ಲಿ ಪ್ರೋಟೀನಿಗೆ ಬೆಳಕಿನ ಗುರುತು

ಪ್ರೋಟೀನು ಕಟ್ಟಲು ಜೀವಿಗಳು ಸಾಮಾನ್ಯವಾಗಿ ಬಳಸುವುದು 20 ಬಗೆಯ ಅಮೈನೋ ಆಮ್ಲಗಳನ್ನು. ಈ ಪಟ್ಟಿಯಲ್ಲಿಲ್ಲದ, ಬೆಳಕು ತಾಗಿದರೆ ತಾನೇ ಹೊಳೆಯುವ ಅಮೈನೋ ಆಮ್ಲವೊಂದನ್ನು ಜೀವಂತ ಕೋಶಕ್ಕೆ ಉಣಿಸಿ, ಆ ಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮೇ ಅದನ್ನು ಬೇಕಾದ ಪ್ರೋಟೀನಿನ ಬೇಕಾದ ಜಾಗದಲ್ಲಿ ಪೋಣಿಸುವಂತೆ ಮಾಡುವ ತಂತ್ರವೇ ಈ ಲೇಖನದ ವಿಷಯ. ಹೀಗೆ ಗುರುತು ಪಡೆದ ಪ್ರೋಟೀನು ಕೋಶದಲ್ಲಿ ಎಲ್ಲಿದೆ, ಯಾವಾಗ ಆಕಾರ ಬದಲಿಸುತ್ತದೆ, ಅದರ ಯಾವ ಭಾಗ ನೀರಿಗೆ ತೆರೆದುಕೊಂಡಿದೆ, ಯಾವ ಭಾಗ ಒಳಗೆ ಅಡಗಿದೆ ಎಂಬುದನ್ನು ಕೋಶವನ್ನು ಒಡೆಯದೆ ನೋಡಬಹುದು. ಪ್ರಯೋಗಾಲಯಗಳಲ್ಲಿ ‘ನಾನ್‌ಕೆನಾನಿಕಲ್’ ಅಥವಾ ‘ಅನ್‌ನ್ಯಾಚುರಲ್’ ಎಂದು ಕರೆಯುವ ಈ ಅಮೈನೋ ಆಮ್ಲಗಳನ್ನು ಇಲ್ಲಿ ಪಟ್ಟಿಯಾಚೆಯ ಅಮೈನೋ ಆಮ್ಲಗಳು ಎನ್ನಲಾಗಿದೆ.

ಈ ಕ್ಷೇತ್ರದ ಇತಿಹಾಸವನ್ನು ಸಾಮಾನ್ಯವಾಗಿ ಅಮೆರಿಕದ ರಸಾಯನ ವಿಜ್ಞಾನಿ ಪೀಟರ್ ಶುಲ್ಟ್ಜ್ ಅವರಿಂದ ಶುರುಮಾಡುತ್ತಾರೆ. ಅದು ತಪ್ಪೇನಲ್ಲ. ಆದರೆ ಹೊಳೆಯುವ ಅಣುಗಳಿಗೆ ರಸಾಯನ ಶಾಸ್ತ್ರದಲ್ಲಿ ಎಂದೂ ಬರವಿರಲಿಲ್ಲ. ಅವನ್ನು ಪ್ರೋಟೀನಿನೊಳಗೆ ಕೂರಿಸಲು ಒಂದು ಖಾಲಿ ಜಾಗ ಸಿಗುವುದೇ ಕಷ್ಟವಾಗಿತ್ತು. ಆ ಜಾಗ ಸಿಕ್ಕಿದ್ದು ‘ಇಲ್ಲಿಗೆ ನಿಲ್ಲಿಸು’ ಎಂದು ಹೇಳುವ ಒಂದು ಆನುವಂಶಿಕ ಸಂಕೇತದಲ್ಲಿ. ಆ ಸಂಕೇತವನ್ನು ಮೀರಿಸಬಹುದೆಂಬ ತಿಳಿವಳಿಕೆಯ ಮೊದಲ ಹೆಜ್ಜೆಗಳಲ್ಲಿ ಒಂದನ್ನು ಇಟ್ಟವರು, ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿ. ಅದೇ ಸಂಕೇತದ ಮೇಲೆ ಹೊಸ ಕೆಲಸ ಮಾಡಿದ ಇನ್ನೊಬ್ಬರು ಭಾರತೀಯ ವಿಜ್ಞಾನ ಸಂಸ್ಥೆಯ ಉಮೇಶ್ ವಾರ್ಷ್ನೇಯ.

ಗುರುತು ಚಿಕ್ಕದಿರಬೇಕೇಕೆ

ಪ್ರೋಟೀನುಗಳಿಗೆ ತಮ್ಮದೇ ಹೊಳಪಿದೆ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ 280 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರಿ, ಹೆಚ್ಚುಕಡಿಮೆ 350 ನ್ಯಾನೋಮೀಟರಿನ ಆಸುಪಾಸಿನಲ್ಲಿ ಹೊರಸೂಸುತ್ತದೆ. ಶುದ್ಧೀಕರಿಸಿದ ಒಂದು ಪ್ರೋಟೀನನ್ನು ಗಾಜಿನ ಕೊಳವೆಯಲ್ಲಿಟ್ಟು ಅಭ್ಯಾಸ ಮಾಡುವವರಿಗೆ ಇದು ದಶಕಗಳಿಂದ ನೆರವಾಗಿದೆ. ಕೋಶದೊಳಗೆ ಮಾತ್ರ ನಿರುಪಯೋಗಿ, ಏಕೆಂದರೆ ಅಲ್ಲಿರುವ ಬಹುಪಾಲು ಪ್ರೋಟೀನುಗಳಲ್ಲೂ ಟ್ರಿಪ್ಟೊಫಾನ್ ಇದ್ದು ಎಲ್ಲವೂ ಒಟ್ಟಿಗೆ ಹೊಳೆಯುತ್ತವೆ.

ಈ ಗದ್ದಲದಿಂದ ಜೀವವಿಜ್ಞಾನವನ್ನು ಪಾರುಮಾಡಿದ್ದು ಹಸಿರು ಪ್ರತಿದೀಪ್ತ ಪ್ರೋಟೀನು, ಅಂದರೆ ಜಿಎಫ್‌ಪಿ. ಒಸಾಮು ಶಿಮೊಮುರ ಅಂಬಲಿ ಮೀನಿನಲ್ಲಿ ಇದನ್ನು ಕಂಡದ್ದು ಪ್ರಕಟವಾದದ್ದು 1962ರಲ್ಲಿ. ಮಾರ್ಟಿನ್ ಚಾಲ್ಫಿ 1994ರಲ್ಲಿ ಅದರ ಜೀನನ್ನು ಬೇರೆ ಜೀವಿಗಳಲ್ಲಿ ಬೆಳಗಿಸಿ ತೋರಿಸಿದರು. ರೋಜರ್ ಚೆನ್ ಅದಕ್ಕೆ ಹಲವು ಬಣ್ಣ ಕೊಟ್ಟರು. ಮೂವರಿಗೂ 2008ರ ರಸಾಯನ ಶಾಸ್ತ್ರದ ನೊಬೆಲ್ ಬಂತು. ಇವತ್ತಿಗೂ ಕೋಶದಲ್ಲಿ ಪ್ರೋಟೀನೊಂದರ ವಿಳಾಸ ಹುಡುಕಬೇಕೆಂದರೆ ಮೊದಲು ಕೈಹಾಕುವುದು ಜಿಎಫ್‌ಪಿಗೇ, ಮತ್ತು ಬಹುಪಾಲು ಕೆಲಸಗಳಿಗೆ ಅದೇ ಸಾಕು.

ಆದರೆ ಜಿಎಫ್‌ಪಿ 238 ಅಮೈನೋ ಆಮ್ಲಗಳ, ಸುಮಾರು 27,000 ಡಾಲ್ಟನ್ ತೂಕದ ಪೀಪಾಯಿ. ಬ್ಯಾಕ್ಟೀರಿಯಾ ಇಬ್ಭಾಗವಾಗುವಾಗ ನಡುವೆ ಉಂಗುರ ಕಟ್ಟುವ ಎಫ್‌ಟಿಎಸ್‌ಜೆಡ್ ಪ್ರೋಟೀನೇ ಸುಮಾರು 40,000 ಡಾಲ್ಟನ್. ಅಂಥದಕ್ಕೆ ಜಿಎಫ್‌ಪಿ ಅಂಟಿಸುವುದೆಂದರೆ ಒಬ್ಬನ ನಡಿಗೆಯನ್ನು ಅಭ್ಯಾಸ ಮಾಡಲು ಅವನ ಹೆಗಲ ಮೇಲೆ ಭತ್ತದ ಮೂಟೆ ಹೊರಿಸಿದಂತೆ. ಮೇಲಾಗಿ ಜಿಎಫ್‌ಪಿಯನ್ನು ಸಾಮಾನ್ಯವಾಗಿ ಪ್ರೋಟೀನಿನ ತುದಿಗೇ ಜೋಡಿಸಬೇಕು, ನಡುವೆ ತುರುಕಿದರೆ ಮಡಿಕೆ ಕೆಡುವ ಅಪಾಯ. ಅದರ ಹೊಳೆಯುವ ಭಾಗ ಪೀಪಾಯಿಯ ಒಳಗೆ ಮುಚ್ಚಿಕೊಂಡಿರುವುದರಿಂದ ಹೊರಗಿನ ಸಣ್ಣ ಬದಲಾವಣೆಗಳ ಸುಳಿವೂ ಅದಕ್ಕೆ ಸುಲಭವಾಗಿ ಸಿಗುವುದಿಲ್ಲ. ಪ್ರೋಟೀನಿನ ಒಂದು ಮೂಲೆ ಒಂದೆರಡು ನ್ಯಾನೋಮೀಟರ್ ಸರಿದದ್ದನ್ನು ಹಿಡಿಯಬೇಕಾದರೆ ಗುರುತೂ ಆ ಅಳತೆಗಿಂತ ಚಿಕ್ಕದಿರಬೇಕು. ಒಂದೇ ಅಮೈನೋ ಆಮ್ಲದ ಜಾಗದಲ್ಲಿ ಕೂರುವ ಗುರುತಿನ ಆಸೆ ಹುಟ್ಟಿದ್ದು ಇಲ್ಲಿ.

1962: ಮೂರು ಪ್ರಯೋಗಗಳು

ಶಿಮೊಮುರ ಅವರ ವರದಿ ಬಂದ 1962ರಲ್ಲೇ, ಅದಕ್ಕೆ ಸಂಬಂಧವೇ ಇಲ್ಲದಂತೆ ತೋರುವ ಇನ್ನೆರಡು ಪ್ರಯೋಗಗಳು ಪ್ರಕಟವಾದವು. ಕಾಕತಾಳೀಯವೇ ಇರಬಹುದು, ಆದರೆ ಈ ತಂತ್ರಕ್ಕೆ ಬೇಕಾದ ಮೂರೂ ಎಳೆಗಳು ಒಂದೇ ವರ್ಷದಲ್ಲಿ ಸಿಗುತ್ತವೆ.

ಮೊದಲನೆಯದು ಫ್ರಾಂಸ್ವಾ ಶಾಪ್‌ವಿಲ್, ಫ್ರಿಟ್ಜ್ ಲಿಪ್‌ಮನ್, ಸೀಮೋರ್ ಬೆಂಜರ್ ಮುಂತಾದವರದು. ಪ್ರೋಟೀನು ಕಟ್ಟುವಾಗ ಜೀನಿನ ನಕಲಾದ ಎಂ-ಆರ್‌ಎನ್‌ಎಯ ಮೂರು ಮೂರು ಅಕ್ಷರಗಳ ಪದವನ್ನು, ಅಂದರೆ ಕೋಡಾನನ್ನು, ಟಿ-ಆರ್‌ಎನ್‌ಎ ಎಂಬ ಸಣ್ಣ ಅಣು ಓದುತ್ತದೆ. ಅದರ ಒಂದು ತುದಿಯಲ್ಲಿ ಕೋಡಾನಿಗೆ ಹೊಂದುವ ಆಂಟಿಕೋಡಾನ್, ಇನ್ನೊಂದು ತುದಿಯಲ್ಲಿ ಹೊತ್ತು ತಂದ ಅಮೈನೋ ಆಮ್ಲ. ಸಿಸ್ಟೀನ್ ಹೊತ್ತ ಟಿ-ಆರ್‌ಎನ್‌ಎಯನ್ನು ಈ ತಂಡ ನಿಕ್ಕೆಲ್ ವೇಗವರ್ಧಕದಿಂದ ಉಪಚರಿಸಿ, ಸಿಸ್ಟೀನಿನ ಗಂಧಕವನ್ನು ಕಿತ್ತು, ಅದನ್ನು ಹೊತ್ತಲ್ಲೇ ಅಲನೀನ್ ಆಗಿಸಿತು. ರೈಬೋಸೋಮಿಗೆ ಮೋಸ ಗೊತ್ತಾಗಲಿಲ್ಲ. ಸಿಸ್ಟೀನ್ ಬರಬೇಕಾದ ಕಡೆ ಅಲನೀನನ್ನು ಪೋಣಿಸಿತು. ರೈಬೋಸೋಮ್ ನೋಡುವುದು ಟಿ-ಆರ್‌ಎನ್‌ಎಯ ಆಂಟಿಕೋಡಾನನ್ನೇ ಹೊರತು ಅದು ಹೊತ್ತ ಸರಕನ್ನಲ್ಲ ಎಂದಾಯಿತು. ಸರಕು ಸರಿಯೇ ಎಂದು ಪರೀಕ್ಷಿಸುವ ಹೊಣೆ ಇರುವುದು ಅದನ್ನು ಟಿ-ಆರ್‌ಎನ್‌ಎಗೆ ಜೋಡಿಸುವ ಸಿಂಥಟೇಸ್ ಕಿಣ್ವಗಳ ಮೇಲೆ.

ಎರಡನೆಯದು ಆಲನ್ ಗಾರೆನ್ ಮತ್ತು ಒಬೈದ್ ಸಿದ್ದಿಕಿ ಅವರದು. ಸಿದ್ದಿಕಿ 1932ರಲ್ಲಿ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿದವರು. ಅಲಿಗಢದಲ್ಲಿ ಓದಿ, ಗ್ಲಾಸ್ಗೋದಲ್ಲಿ ಗೀಡೊ ಪೊಂಟೆಕೊರ್ವೊ ಅವರಲ್ಲಿ ಪಿಎಚ್‌.ಡಿ. ಮುಗಿಸಿ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಗಾರೆನ್ ಜೊತೆಗೂಡಿದರು. ಇ. ಕೋಲಿ ಬ್ಯಾಕ್ಟೀರಿಯಾದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಜೀನಿನಲ್ಲಿ ಕೆಲವು ಬಗೆಯ ಮ್ಯುಟೇಶನ್ ಆದಾಗ ಕಿಣ್ವ ತಯಾರಾಗುವುದೇ ನಿಂತುಬಿಡುತ್ತಿತ್ತು. ಆದರೆ ಅದೇ ಜೀನನ್ನು ಬೇರೊಂದು ತಳಿಯ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಕಿಣ್ವ ಮತ್ತೆ ತಯಾರಾಗುತ್ತಿತ್ತು. ಆ ತಳಿಯಲ್ಲಿ, ಬೇರೆಲ್ಲೋ ಇರುವ ಇನ್ನೊಂದು ಜೀನು ಈ ದೋಷವನ್ನು ಅಡಗಿಸುತ್ತಿತ್ತು. ಅಂಥ ಜೀನಿಗೆ ‘ಸಪ್ರೆಸರ್’ ಎಂದು ಹೆಸರು. ಅದೇ ವರ್ಷ ಬೆಂಜರ್ ಮತ್ತು ಸಿವೆಲ್ ಶಾಂಪ್ ಬ್ಯಾಕ್ಟೀರಿಯಾದ ವೈರಸ್‌ಗಳಲ್ಲಿ ಇಂಥದನ್ನೇ ಕಂಡರು.

ಆಗಿನ್ನೂ ಯಾವ ಕೋಡಾನಿಗೆ ಯಾವ ಅರ್ಥ ಎಂಬುದು ಪೂರ್ತಿ ಬಿಡಿಸಿರಲಿಲ್ಲ. 1965ರ ಹೊತ್ತಿಗೆ ಗಾರೆನ್ ಮತ್ತು ಸಿಡ್ನಿ ಬ್ರೆನ್ನರ್ ಅವರ ಗುಂಪುಗಳು ಬೇರೆ ಬೇರೆಯಾಗಿ, ಇಂಥ ಮ್ಯುಟೇಶನ್‌ಗಳು ಯುಎಜಿ, ಯುಎಎ ಎಂಬ ಕೋಡಾನ್‌ಗಳನ್ನು ಹುಟ್ಟಿಸುತ್ತವೆ, ಅವು ಅರ್ಥವಿಲ್ಲದ ಪದಗಳಲ್ಲ, ಪೂರ್ಣವಿರಾಮಗಳು ಎಂದು ತೋರಿಸಿದವು. ಒಟ್ಟು 64 ಕೋಡಾನ್‌ಗಳಲ್ಲಿ 61 ಅಮೈನೋ ಆಮ್ಲಗಳಿಗೆ ಮೀಸಲು. ಉಳಿದ ಮೂರು, ಯುಎಜಿ, ಯುಎಎ, ಯುಜಿಎ, ನಿಲುಗಡೆಗೆ. ಪ್ರಯೋಗಾಲಯದಲ್ಲಿ ಯುಎಜಿಗೆ ‘ಆಂಬರ್’ ಎಂದು ಹೆಸರು. ಸಪ್ರೆಸರ್‌ನ ಗುಟ್ಟು ಬಯಲಾದದ್ದು 1968ರಲ್ಲಿ. ಟೈರೊಸೀನ್ ಹೊರುವ ಒಂದು ಟಿ-ಆರ್‌ಎನ್‌ಎಯ ಆಂಟಿಕೋಡಾನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಅದು ಯುಎಜಿಯನ್ನು ಓದತೊಡಗಿತ್ತು. ನಿಲ್ಲಬೇಕಾದ ಕಡೆ ರೈಬೋಸೋಮ್ ಟೈರೊಸೀನ್ ಪೋಣಿಸಿ ಮುಂದೆ ಹೋಗುತ್ತಿತ್ತು.

ಶಾಪ್‌ವಿಲ್ ಪ್ರಯೋಗವನ್ನೂ ಗಾರೆನ್–ಸಿದ್ದಿಕಿ ಪ್ರಯೋಗವನ್ನೂ ಪಕ್ಕಪಕ್ಕದಲ್ಲಿಟ್ಟರೆ ಇಂದಿನ ತಂತ್ರದ ನಕ್ಷೆ ಪೂರ್ತಿ ಕಾಣುತ್ತದೆ. ಯುಎಜಿ ಓದುವ ಟಿ-ಆರ್‌ಎನ್‌ಎ ಇರಲಿ, ಅದರ ಮೇಲೆ ನಮಗೆ ಬೇಕಾದ ಸರಕು ಹೇರಿದರಾಯಿತು. ಅದನ್ನು ಯಾರಾದರೂ ಮಾಡಿ ತೋರಿಸಲು ಮುಂದೆ ಕಾಲು ಶತಮಾನವೇ ಹಿಡಿಯಿತು. ಸಿದ್ದಿಕಿ ಸ್ವತಃ ಆ ದಾರಿ ಹಿಡಿಯಲಿಲ್ಲ. ಹೋಮಿ ಭಾಭಾ ಕರೆಯ ಮೇರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ತೆರೆದರು. ಆಮೇಲೆ ಹಣ್ಣುನೊಣದ ನರವ್ಯೂಹ, ವಾಸನೆ, ರುಚಿಗಳ ಕಡೆ ತಿರುಗಿದರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಹುಟ್ಟಿಸಿದರು. 2013ರ ಜುಲೈನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಆ ಕೇಂದ್ರದ ಸೂಕ್ಷ್ಮದರ್ಶಕಗಳ ಮುಂದೆ ಇಂದು ಕೂರುವ ಹುಡುಗ ಹುಡುಗಿಯರು ಸಿದ್ದಿಕಿಯವರನ್ನು ನೆನೆಯುವುದು ನೊಣಗಳ ಕೆಲಸಕ್ಕಾಗಿ. ಸಪ್ರೆಸರ್ ಕೆಲಸಕ್ಕೂ ಅಷ್ಟೇ ಋಣ ಸಲ್ಲಬೇಕು ಎಂಬುದು ಈ ಲೇಖಕನ ಅಭಿಪ್ರಾಯ.

ಕೊಳವೆಯಿಂದ ಕೋಶಕ್ಕೆ

1989ರಲ್ಲಿ ಶುಲ್ಟ್ಜ್ ಗುಂಪು, ಪೆನಿಸಿಲಿನ್ ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವದ 66ನೇ ಸ್ಥಾನದಲ್ಲಿ ಯುಎಜಿ ಇಟ್ಟು, ರಾಸಾಯನಿಕವಾಗಿ ಸರಕು ಹೇರಿದ ಸಪ್ರೆಸರ್ ಟಿ-ಆರ್‌ಎನ್‌ಎ ಬೆರೆಸಿ, ಪಟ್ಟಿಯಾಚೆಯ ಅಮೈನೋ ಆಮ್ಲಗಳನ್ನು ಅಲ್ಲಿ ಕೂರಿಸಿತು. ಇದು ನಡೆದದ್ದು ಕೋಶಗಳನ್ನು ಒಡೆದು ತೆಗೆದ ರಸದಲ್ಲಿ. ಟಿ-ಆರ್‌ಎನ್‌ಎ ಒಮ್ಮೆ ಸರಕು ಇಳಿಸಿದರೆ ಕಥೆ ಮುಗಿಯಿತು, ಮತ್ತೆ ಹೇರುವವರಿಲ್ಲ. ಹೀಗಾಗಿ ಪ್ರೋಟೀನು ಸಿಗುವುದು ಚಿಟಿಕೆಯಷ್ಟು. ಕಪ್ಪೆಯ ದೊಡ್ಡ ಅಂಡಾಣುಗಳಿಗೆ ಇಂಥ ಟಿ-ಆರ್‌ಎನ್‌ಎಯನ್ನು ಸೂಜಿಯಿಂದ ಚುಚ್ಚುವ ದಾರಿಯನ್ನು 1990ರ ದಶಕದಲ್ಲಿ ಡೆನಿಸ್ ಡೊಹರ್ಟಿ ಮತ್ತು ಹೆನ್ರಿ ಲೆಸ್ಟರ್ ರೂಢಿಗೆ ತಂದರು. ಅಯಾನು ನಾಳಗಳ ಅಭ್ಯಾಸಕ್ಕೆ ಅಷ್ಟೇ ಸಾಕಾಗಿತ್ತು, ಏಕೆಂದರೆ ವಿದ್ಯುತ್ ಅಳತೆ ಬಹಳ ಸೂಕ್ಷ್ಮ.

ಕೋಶ ತಾನೇ ಮತ್ತೆ ಮತ್ತೆ ಸರಕು ಹೇರುವಂತೆ ಆಗಬೇಕಾದರೆ ಒಂದು ಜೋಡಿ ಬೇಕು: ಯುಎಜಿ ಓದುವ ಟಿ-ಆರ್‌ಎನ್‌ಎ, ಮತ್ತು ಅದಕ್ಕೆ ಮಾತ್ರ, ಹೊಸ ಅಮೈನೋ ಆಮ್ಲವನ್ನು ಮಾತ್ರ ಜೋಡಿಸುವ ಸಿಂಥಟೇಸ್. ಈ ಟಿ-ಆರ್‌ಎನ್‌ಎಯನ್ನು ಕೋಶದ ಸ್ವಂತ ಸಿಂಥಟೇಸ್‌ಗಳು ಮುಟ್ಟಬಾರದು, ಈ ಸಿಂಥಟೇಸ್ ಕೋಶದ ಸ್ವಂತ ಟಿ-ಆರ್‌ಎನ್‌ಎಗಳನ್ನು ಮುಟ್ಟಬಾರದು.

ಈ ಕಟ್ಟುಪಾಡು ಎಷ್ಟು ನಾಜೂಕು ಎಂಬುದಕ್ಕೆ ಒಳ್ಳೆಯ ಉದಾಹರಣೆ ವಾರ್ಷ್ನೇಯ ಅವರದೇ. ಅಮೆರಿಕದ ಎಂಐಟಿಯಲ್ಲಿ ಉತ್ತಮ್ ರಾಜ್‌ಭಂಡಾರಿ ಅವರ ಪ್ರಯೋಗಾಲಯದಲ್ಲಿದ್ದಾಗ, ಪ್ರೋಟೀನು ಕಟ್ಟಲು ಮೊದಲ ಅಮೈನೋ ಆಮ್ಲವನ್ನು ತರುವ ಟಿ-ಆರ್‌ಎನ್‌ಎಯ ಆಂಟಿಕೋಡಾನನ್ನು ಅವರು ಯುಎಜಿ ಓದುವಂತೆ ಬದಲಿಸಿದರು. 1990ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ, ಪೂರ್ಣವಿರಾಮವೆನಿಸಿದ್ದ ಯುಎಜಿಯಿಂದಲೇ ಪ್ರೋಟೀನು ಶುರುವಾಯಿತು. ವಿಶೇಷವೇನೆಂದರೆ ಆಂಟಿಕೋಡಾನ್ ಬದಲಾದೊಡನೆ ಆ ಟಿ-ಆರ್‌ಎನ್‌ಎಯ ಗುರುತೇ ಬದಲಾಗಿ, ಮೀಥಿಯೊನೀನ್ ಬದಲು ಗ್ಲುಟಮೀನ್ ಜೋಡಿಸುವ ಕಿಣ್ವ ಅದನ್ನು ತನ್ನದೆಂದು ಹಿಡಿದುಕೊಂಡಿತು. ಟಿ-ಆರ್‌ಎನ್‌ಎಯ ಎರಡು ಅಕ್ಷರ ತಿದ್ದಿದರೆ ಸಾಕು, ಕೋಶದ ಬೇರೊಂದು ಸಿಂಥಟೇಸ್ ನುಗ್ಗುತ್ತದೆ ಎಂಬ ಈ ಎಚ್ಚರಿಕೆ ಹೊಸ ಜೋಡಿ ಕಟ್ಟುವವರಿಗೆಲ್ಲ ಅನ್ವಯಿಸುತ್ತದೆ. ವಾರ್ಷ್ನೇಯ, ಲೀ, ರಾಜ್‌ಭಂಡಾರಿ 1991ರಲ್ಲಿ ವಿವರಿಸಿದ ಆಮ್ಲ-ಯೂರಿಯಾ ಜೆಲ್ ವಿಧಾನವೂ ಇಲ್ಲಿ ಮುಖ್ಯ. ಕೋಶದೊಳಗೆ ಒಂದು ಟಿ-ಆರ್‌ಎನ್‌ಎಯ ಎಷ್ಟು ಪಾಲು ಸರಕು ಹೊತ್ತಿದೆ, ಎಷ್ಟು ಪಾಲು ಬರಿಗೈಯಲ್ಲಿದೆ ಎಂದು ನೇರವಾಗಿ ನೋಡಲು ಅದು ಅನುವು ಮಾಡಿತು. ಟಿ-ಆರ್‌ಎನ್‌ಎಗೂ ಸರಕಿಗೂ ನಡುವಿನ ಬಂಧ ಕಡಿಯದಂತೆ ಎಲ್ಲವನ್ನೂ ಆಮ್ಲೀಯವಾಗಿಯೇ ಇಟ್ಟು ಜೆಲ್ ಓಡಿಸುವುದು ಅದರ ಜಾಣತನ. ವಾರ್ಷ್ನೇಯ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗ ಸೇರಿದ ಮೇಲೂ ರಾಜ್‌ಭಂಡಾರಿ ಗುಂಪಿನೊಡನೆ ಕೆಲಸ ಮುಂದುವರಿಯಿತು. ಕೊಳವೆಯಲ್ಲಿ ಸರಕು ಹೇರಿದ ಸಪ್ರೆಸರ್ ಟಿ-ಆರ್‌ಎನ್‌ಎಗಳನ್ನು ಸಸ್ತನಿ ಕೋಶಗಳೊಳಗೆ ಸಾಗಿಸಬಹುದೆಂದು ತೋರಿಸಿದ 2001ರ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರು.

ಅದೇ 2001ರಲ್ಲಿ ಶುಲ್ಟ್ಜ್ ಗುಂಪಿನ ಲೀ ವಾಂಗ್ ಮುಂತಾದವರು ಜೋಡಿಯ ಸಮಸ್ಯೆಯನ್ನು ಬಗೆಹರಿಸಿದರು. ಶಾಂತ ಸಾಗರದ ತಳದ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕಿದ ಮೆಥನೊಕಾಲ್ಡೊಕಾಕಸ್ ಜನಾಶಿ ಎಂಬ ಸೂಕ್ಷ್ಮಜೀವಿಯಿಂದ ಟೈರೊಸೀನಿನ ಟಿ-ಆರ್‌ಎನ್‌ಎ ಮತ್ತು ಸಿಂಥಟೇಸ್ ಎರಡನ್ನೂ ಇ. ಕೋಲಿಗೆ ತಂದರು. ದೂರದ ಸಂಬಂಧಿಯಾದ್ದರಿಂದ ಇ. ಕೋಲಿಯ ಕಿಣ್ವಗಳಿಗೂ ಇವಕ್ಕೂ ಪರಿಚಯವೇ ಇಲ್ಲ. ಸಿಂಥಟೇಸಿನಲ್ಲಿ ಟೈರೊಸೀನ್ ಕೂರುವ ಕುಳಿಯ ಸುತ್ತಲಿನ ಐದು ಸ್ಥಾನಗಳನ್ನು ಮನಬಂದಂತೆ ಬದಲಿಸಿದರು. ಒಂದೊಂದು ಸ್ಥಾನಕ್ಕೆ 20 ಆಯ್ಕೆ ಎಂದರೆ 32 ಲಕ್ಷ ಬಗೆಗಳು. ಅವುಗಳಲ್ಲಿ ಕೆಲಸಕ್ಕೆ ಬರುವುದನ್ನು ಹೆಕ್ಕುವ ಉಪಾಯವೇ ಈ ಕ್ಷೇತ್ರದ ನಿಜವಾದ ಚಾತುರ್ಯ. ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕವನ್ನು ಸಹಿಸುವ ಜೀನಿನಲ್ಲಿ ಒಂದು ಯುಎಜಿ ಇಟ್ಟು, ಹೊಸ ಅಮೈನೋ ಆಮ್ಲ ಉಣಿಸಿ, ಔಷಧಿ ಹಾಕುತ್ತಾರೆ. ಯುಎಜಿಯಲ್ಲಿ ಏನನ್ನಾದರೂ ಕೂರಿಸಬಲ್ಲ ಬ್ಯಾಕ್ಟೀರಿಯಾ ಮಾತ್ರ ಬದುಕುತ್ತದೆ. ಬದುಕಿದ್ದರಲ್ಲಿ ಕಳ್ಳರೂ ಇರುತ್ತಾರೆ, ಹಳೆಯ ಟೈರೊಸೀನನ್ನೇ ಕೂರಿಸುವವರು. ಅವರನ್ನು ಹಿಡಿಯಲು ಎರಡನೆಯ ಸುತ್ತು. ಬಾರ್ನೇಸ್ ಎಂಬ ವಿಷದ ಜೀನಿನಲ್ಲಿ ಯುಎಜಿ ಇಟ್ಟು, ಈ ಬಾರಿ ಹೊಸ ಅಮೈನೋ ಆಮ್ಲ ಕೊಡದೆ ಬೆಳೆಸುತ್ತಾರೆ. ಪಟ್ಟಿಯೊಳಗಿನ ಏನನ್ನೇ ಬಳಸಿದರೂ ವಿಷ ತಯಾರಾಗಿ ಕೋಶ ಸಾಯುತ್ತದೆ. ಎರಡೂ ಸುತ್ತು ಗೆದ್ದದ್ದೇ ಬೇಕಾದ ಸಿಂಥಟೇಸ್.

ಪ್ರಕೃತಿ ಈ ಉಪಾಯವನ್ನು ಮೊದಲೇ ಕಂಡುಕೊಂಡಿತ್ತೆಂದು ಮರುವರ್ಷವೇ ತಿಳಿಯಿತು. ಮೀಥೇನ್ ಹುಟ್ಟಿಸುವ ಮೆಥನೊಸಾರ್ಸಿನಾ ಬಾರ್ಕೆರಿಯಲ್ಲಿ ಯುಎಜಿ ಪೂರ್ಣವಿರಾಮವಲ್ಲ, ಪೈರೊಲೈಸೀನ್ ಎಂಬ 22ನೇ ಅಮೈನೋ ಆಮ್ಲದ ಸಂಕೇತ. (21ನೆಯದು ಸೆಲೆನೊಸಿಸ್ಟೀನ್.) ಅದರ ಟಿ-ಆರ್‌ಎನ್‌ಎ ಹುಟ್ಟಿನಿಂದಲೇ ಆಂಬರ್ ಓದುವಂಥದು, ಬ್ಯಾಕ್ಟೀರಿಯಾ, ಯೀಸ್ಟ್, ಸಸ್ತನಿ ಮೂರರಲ್ಲೂ ಹೊಂದುವಂಥದು. ಇಂದು ಅತಿ ಹೆಚ್ಚು ಬಳಕೆಯಾಗುವ ಜೋಡಿಗಳಲ್ಲಿ ಇದೂ ಒಂದು.

ಹೊಳೆಯುವ ಅಮೈನೋ ಆಮ್ಲಗಳು

ಹೊಳೆಯುವ ಅಮೈನೋ ಆಮ್ಲಗಳು 2006ರಲ್ಲಿ ಎರಡು ಬಂದವು. ಇ. ಕೋಲಿಯಲ್ಲಿ ಕೂಮರಿನ್ ಎಂಬ ಬಣ್ಣ ಹೊತ್ತ ಅಮೈನೋ ಆಮ್ಲ, ಯೀಸ್ಟ್‌ನಲ್ಲಿ ಡ್ಯಾನ್ಸೈಲ್ ಹೊತ್ತದ್ದು. ಕೂಮರಿನ್ ಪ್ರಖರವಾಗಿ ಹೊಳೆಯುತ್ತದೆ, ಆದರೆ ಸುತ್ತಲಿನ ಆಮ್ಲೀಯತೆಗೆ ತಕ್ಕಂತೆ ಬದಲಾಗುತ್ತದೆ. ಅದು ಒಮ್ಮೊಮ್ಮೆ ವರ, ಒಮ್ಮೊಮ್ಮೆ ಕಾಟ. ಮೇಲೆ ಹೇಳಿದ ಎಫ್‌ಟಿಎಸ್‌ಜೆಡ್ ಪ್ರೋಟೀನಿನ ಜಾಗವನ್ನು ಬ್ಯಾಕ್ಟೀರಿಯಾದೊಳಗೆ ಗುರುತಿಸಲು 2011ರಲ್ಲಿ ಬಳಸಿದ್ದು ಇದನ್ನೇ. ಡ್ಯಾನ್ಸೈಲ್‌ನಿಂದ ಮನುಷ್ಯನ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವದ ಮಡಿಕೆ ಬಿಚ್ಚುವುದನ್ನು ನೋಡಲಾಯಿತು. ಜೇಮ್ಸ್ ಪೀಟರ್ಸನ್ ಗುಂಪು 2013ರಲ್ಲಿ ಪರಿಚಯಿಸಿದ ಅಕ್ರಿಡೋನ್ ಅಮೈನೋ ಆಮ್ಲ ಇನ್ನೂ ಗಟ್ಟಿ. ನೀರಿನಲ್ಲೂ ಹೀರಿದ ಪ್ರತಿ 100 ಫೋಟಾನುಗಳಿಗೆ ಸುಮಾರು 95ನ್ನು ಮರಳಿಸುತ್ತದೆ, ಹೊಳಪಿನ ಆಯುಷ್ಯ ಸುಮಾರು 15 ನ್ಯಾನೋಸೆಕೆಂಡ್. ಸುತ್ತಲಿನ ಪರಿಸರಕ್ಕೆ ಅದು ಅಷ್ಟಾಗಿ ಕದಲುವುದಿಲ್ಲವಾದ್ದರಿಂದ ಎರಡು ಬಿಂದುಗಳ ನಡುವಿನ ದೂರ ಅಳೆಯಲು ಅನುಕೂಲ.

ಜೀವಂತ ಕೋಶಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಮಾತ್ರ ಅನಾಪ್. ಇದರ ಮೂಲ ಪ್ರೊಡಾನ್ ಎಂಬ ಬಣ್ಣ. ಗ್ರೆಗೋರಿಯೊ ವೆಬರ್ ಮತ್ತು ಫೇ ಫ್ಯಾರಿಸ್ 1979ರಲ್ಲಿ ತಯಾರಿಸಿದ ಪ್ರೊಡಾನ್, ನೀರಿನಲ್ಲಿ ಒಂದು ಬಣ್ಣ, ಎಣ್ಣೆಯಂಥ ಪರಿಸರದಲ್ಲಿ ಇನ್ನೊಂದು ಬಣ್ಣ ತೋರುತ್ತದೆ. ಬೆಳಕು ಹೀರಿದಾಗ ಅಣುವಿನ ವಿದ್ಯುದಂಶ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತದೆ. ಸುತ್ತಲಿನ ನೀರಿನ ಅಣುಗಳು ಅದಕ್ಕೆ ತಕ್ಕಂತೆ ಮಗ್ಗುಲು ಬದಲಿಸಿದರೆ ಅಣುವಿನ ಶಕ್ತಿ ಒಂದಿಷ್ಟು ಇಳಿದು, ಹೊರಬರುವ ಬೆಳಕು ಉದ್ದ ತರಂಗಾಂತರಕ್ಕೆ ಸರಿಯುತ್ತದೆ. ಅನಾಪ್ ಈ ಗುಣವನ್ನು ಪೂರ್ತಿ ಉಳಿಸಿಕೊಂಡಿದೆ. 350–360 ನ್ಯಾನೋಮೀಟರಿನ ಬೆಳಕು ಹೀರಿ, ನೀರಿನಲ್ಲಿ 490ರ ಹತ್ತಿರ, ಕೊಬ್ಬಿನಂಥ ದ್ರಾವಕದಲ್ಲಿ 420ರ ಹತ್ತಿರ ಸೂಸುತ್ತದೆ. ತೂಕ 272 ಡಾಲ್ಟನ್, ಟ್ರಿಪ್ಟೊಫಾನಿನದು 204. ಅಂದರೆ ಪಟ್ಟಿಯಲ್ಲಿರುವ ಅತಿ ದೊಡ್ಡ ಅಮೈನೋ ಆಮ್ಲಕ್ಕಿಂತ ಕೊಂಚವೇ ದೊಡ್ಡದು, ಜಿಎಫ್‌ಪಿಯ ನೂರರಲ್ಲಿ ಒಂದು ಪಾಲು. ಶುಲ್ಟ್ಜ್ ಗುಂಪು 2009ರಲ್ಲಿ ಇದನ್ನು ಯೀಸ್ಟ್‌ನಲ್ಲಿ ಸೇರಿಸಿತು. 2013ರಲ್ಲಿ ಅಭಿಷೇಕ್ ಚಟರ್ಜಿ ಮೊದಲ ಲೇಖಕರಾಗಿದ್ದ ಪ್ರಬಂಧ ಸಸ್ತನಿ ಕೋಶಗಳಿಗೆ ತಂದಿತು.

ಇಲ್ಲೊಂದು ವಿಚಿತ್ರವಿದೆ. ಅನಾಪ್‌ಗೆ ಬಳಸುವ ಜೋಡಿ ಇ. ಕೋಲಿಯ ಲ್ಯೂಸೀನ್ ಜೋಡಿಯಿಂದ ಬಂದದ್ದು. ಯೀಸ್ಟ್‌ಗೂ ಮನುಷ್ಯ ಕೋಶಕ್ಕೂ ಅದು ಪರಕೀಯ, ಹಾಗಾಗಿ ಅಲ್ಲಿ ಸಲೀಸು. ಇ. ಕೋಲಿಯಲ್ಲಿ ಮಾತ್ರ ಅದು ಮನೆಯವನೇ, ಆದ್ದರಿಂದ ಅಲ್ಲಿ ಆ ರೂಪದಲ್ಲಿ ನಡೆಯುವುದಿಲ್ಲ. ಈ ಕ್ಷೇತ್ರದಲ್ಲಿ ‘ಯಾವ ಅಮೈನೋ ಆಮ್ಲ’ ಎಂಬುದಕ್ಕಿಂತ ಮೊದಲು ‘ಯಾವ ಜೀವಿಯಲ್ಲಿ’ ಎಂದು ಕೇಳಬೇಕಾಗುವುದು ಇದಕ್ಕೇ.

ಅನಾಪ್ ನಿಜವಾಗಿ ಮೈದೋರಿದ್ದು ಅಯಾನು ನಾಳಗಳಲ್ಲಿ. ನರಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ನಾಳ ತೆರೆಯುವಾಗ ಅದರ ಯಾವ ಭಾಗ ಯಾವ ಕ್ಷಣದಲ್ಲಿ ಸರಿಯುತ್ತದೆ ಎಂಬುದು ಹಳೆಯ ಪ್ರಶ್ನೆ. ಹೊರಗಿನಿಂದ ಬಣ್ಣ ಅಂಟಿಸುವ ಪದ್ಧತಿಯಲ್ಲಿ ನಾಳದ ಹೊರಮೈ ಮಾತ್ರ ಕೈಗೆ ಎಟುಕುತ್ತಿತ್ತು, ಪೊರೆಯ ಒಳಬದಿಯ ಬಾಗಿಲು ಎಟುಕುತ್ತಿರಲಿಲ್ಲ. 2013ರಲ್ಲಿ ಮಾಂಟ್ರಿಯಲ್‌ನ ತಾನ್ಯಾ ಕಾಲ್‌ಸ್ಟ್ರುಪ್ ಮತ್ತು ರಿಕಾರ್ಡ್ ಬ್ಲುಂಕ್ ಕಪ್ಪೆಯ ಅಂಡಾಣುವಿನ ಕೇಂದ್ರಕಕ್ಕೆ ಟಿ-ಆರ್‌ಎನ್‌ಎ ಮತ್ತು ಸಿಂಥಟೇಸಿನ ಡಿಎನ್‌ಎ ಚುಚ್ಚಿ, ಆಮೇಲೆ ನಾಳದ ಎಂ-ಆರ್‌ಎನ್‌ಎಯನ್ನೂ ಅನಾಪನ್ನೂ ಚುಚ್ಚಿ, ಆ ಒಳಬಾಗಿಲ ಬಳಿಯೇ ಗುರುತು ಕೂರಿಸಿದರು. ವಿದ್ಯುತ್ ಪ್ರವಾಹವನ್ನೂ ಹೊಳಪಿನ ಏರಿಳಿತವನ್ನೂ ಒಟ್ಟಿಗೆ ದಾಖಲಿಸಿದಾಗ, ಬಾಗಿಲು ತೆರೆಯುವ ಚಲನೆ ನೇರವಾಗಿ ಕಣ್ಣಿಗೆ ಬಿತ್ತು. ಸಿಯಾಟಲ್‌ನ ವಿಲಿಯಂ ಜಗೊಟಾ, ಶರೋನಾ ಗಾರ್ಡನ್ ಗುಂಪು ಅನಾಪ್ ಹತ್ತಿರಕ್ಕೆ ತಾಮ್ರ, ಕೋಬಾಲ್ಟ್‌ನಂಥ ಲೋಹದ ಅಯಾನುಗಳನ್ನು ತಂದು, ಲೋಹ ಹೊಳಪನ್ನು ಎಷ್ಟು ಕುಗ್ಗಿಸುತ್ತದೆ ಎಂಬುದರಿಂದ ಒಂದೆರಡು ನ್ಯಾನೋಮೀಟರ್ ದೂರಗಳನ್ನು ಅಳೆಯುವ ವಿಧಾನ ಬೆಳೆಸಿತು. ಕಾರ ಮತ್ತು ಬಿಸಿ ಎರಡಕ್ಕೂ ಸ್ಪಂದಿಸುವ ಟಿಆರ್‌ಪಿವಿ1 ನಾಳದ ಮೇಲೂ ಇದನ್ನು ಪ್ರಯೋಗಿಸಿದೆ.

ತೊಡಕುಗಳು

ಅನಾಪ್‌ಗೆ ಬೇಕಾದ 360 ನ್ಯಾನೋಮೀಟರಿನ ಬೆಳಕು ಕೋಶಕ್ಕೆ ಹಿತವಲ್ಲ. ಅದೇ ಬೆಳಕಿಗೆ ಕೋಶದ ಸ್ವಂತ ಎನ್‌ಎಡಿಎಚ್ ಎಂಬ ಅಣು ಕೂಡ 460ರ ಸುತ್ತ ಹೊಳೆದು ಅನಾಪ್‌ನ ಬೆಳಕಿನೊಡನೆ ಬೆರೆಯುತ್ತದೆ. ಹೊಳಪು ಮಂದವಾಗಿದ್ದಾಗ ಇನ್ನೊಂದು ಅತಿಥಿ ಕಾಣಿಸಿಕೊಳ್ಳುತ್ತದೆ: ನೀರಿನ ರಾಮನ್ ಚದುರಿಕೆ. 360ರಲ್ಲಿ ಬೆಳಗಿಸಿದ ನೀರು ಸುಮಾರು 410ರಲ್ಲಿ ಒಂದು ಸಣ್ಣ ದಿಬ್ಬವನ್ನು ತಾನಾಗಿ ತೋರಿಸುತ್ತದೆ, ಪೊರೆಯೊಳಗೆ ಅಡಗಿದ ಅನಾಪ್ ಸೂಸುವ ಬೆಳಕಿನ ಪಕ್ಕದಲ್ಲೇ. ಬಣ್ಣವಿಲ್ಲದ ಮಾದರಿಯನ್ನು ಅಳೆದು ಕಳೆಯದಿದ್ದರೆ ಮೋಸಹೋಗುವುದು ಖಚಿತ. 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ರಾಮನ್ ಅವರ ಗುಂಪು ಇದೇ ಚದುರಿಕೆಯನ್ನು ಮೊದಲು ಕಂಡಾಗ ಮಂದ ಪ್ರತಿದೀಪ್ತಿ ಎಂದೇ ಭಾವಿಸಿತ್ತು. ಅದು ಹಾಗಲ್ಲ ಎಂದು 1928ರಲ್ಲಿ ಖಚಿತವಾಯಿತು. ಇಂದಿನ ಕೋಶ ವಿಜ್ಞಾನಿಗೆ ಅದೇ ಗೊಂದಲ ತಿರುಗುಮುರುಗಾಗಿ ಎದುರಾಗುತ್ತದೆ.

ಬೆಳಕಿಗಿಂತ ದೊಡ್ಡ ತೊಡಕು ಯುಎಜಿಯದೇ. ಅದು ಕೋಶಕ್ಕೆ ಪೂರ್ಣವಿರಾಮವೂ ಹೌದು, ಅದನ್ನು ಓದಿ ಪ್ರೋಟೀನನ್ನು ಕಡಿದು ಬಿಡುಗಡೆ ಮಾಡುವ ಅಂಶಗಳು ಸದಾ ಸ್ಪರ್ಧೆಯಲ್ಲಿರುತ್ತವೆ. ಅವು ಗೆದ್ದಾಗ ಅರ್ಧಕ್ಕೇ ಮುಗಿದ ಪ್ರೋಟೀನು ಸಿಗುತ್ತದೆ. ಗುರುತು ಇರುವ ಪೂರ್ಣ ಪ್ರೋಟೀನಿನ ಪ್ರಮಾಣ ಯುಎಜಿಯ ಪಕ್ಕದ ಅಕ್ಷರಗಳ ಮೇಲೂ ಅವಲಂಬಿಸಿದೆ. ಒಂದು ಜಾಗದಲ್ಲಿ ಚೆನ್ನಾಗಿ ಕೂತದ್ದು ನಾಲ್ಕು ಸ್ಥಾನ ಆಚೆ ಕೂರದೆ ಹೋಗಬಹುದು. ಮನುಷ್ಯನ ಜೀನುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಯುಎಜಿಯಿಂದ ಮುಗಿಯುತ್ತದೆ. ಅಲ್ಲೂ ಅನಾಪ್ ನುಸುಳಿ, ಬೇಡದ ಪ್ರೋಟೀನುಗಳಿಗೆ ಬಾಲ ಬೆಳೆದು ಹೊಳೆಯುವ ಸಾಧ್ಯತೆ ಇದ್ದೇ ಇದೆ. ಕೋಶದೊಳಗೆ ಉಳಿದ ಬಿಡಿ ಅನಾಪ್, ಪೊರೆಗಳಿಗೆ ಅಂಟಿಕೊಂಡ ಅನಾಪ್ ಬೇರೆ. ಆದ್ದರಿಂದ ಅನುಭವಿಗಳು ಮೊದಲು ನೋಡುವುದು ಚಂದದ ಚಿತ್ರವನ್ನಲ್ಲ, ಅಮೈನೋ ಆಮ್ಲ ಕೊಡದೆ ಬೆಳೆಸಿದ ಕೋಶಗಳ ಜೆಲ್‌ನಲ್ಲಿ ಪೂರ್ಣ ಪ್ರೋಟೀನು ಕಾಣದಿರುವುದನ್ನು.

ಎರಡು ಹಂತದ ದಾರಿ, ಮತ್ತು ಇಡೀ ಕೋಶದ ಗುರುತು

ಈ ತೊಡಕುಗಳಲ್ಲಿ ಬಣ್ಣದ್ದನ್ನು ತಪ್ಪಿಸಲು ಅನೇಕರು ಹೊಳೆಯದ, ಆದರೆ ರಾಸಾಯನಿಕ ಕೊಕ್ಕೆ ಇರುವ ಅಮೈನೋ ಆಮ್ಲವನ್ನು ಮೊದಲು ಕೂರಿಸಿ, ಆಮೇಲೆ ಬಣ್ಣ ಸಿಕ್ಕಿಸುತ್ತಾರೆ. ಕೊಕ್ಕೆ ಕೋಶದ ಬೇರಾವ ಅಣುವಿನೊಡನೆಯೂ ವರ್ತಿಸಬಾರದು. ಈ ಬಗೆಯ ರಸಾಯನ ಶಾಸ್ತ್ರ ಬೆಳೆಸಿದ ಕ್ಯಾರೊಲಿನ್ ಬರ್ಟೋಜಿ, ಮಾರ್ಟನ್ ಮೆಲ್ಡಾಲ್, ಬ್ಯಾರಿ ಶಾರ್ಪ್‌ಲೆಸ್ ಅವರಿಗೆ 2022ರ ನೊಬೆಲ್ ಬಂತು. ಜೀವಂತ ಕೋಶಗಳಲ್ಲಿ ಹೆಚ್ಚು ಒದಗಿದ್ದು ಟೆಟ್ರಜೀನ್ ಎಂಬ ಅಣು ಬಿಗುವಿನ ಇಂಗಾಲದ ಉಂಗುರದೊಡನೆ ಕೂಡುವ ಕ್ರಿಯೆ. 2012ರ ಹೊತ್ತಿಗೆ ಕೇಂಬ್ರಿಡ್ಜ್‌ನ ಜೇಸನ್ ಚಿನ್, ಹೈಡಲ್‌ಬರ್ಗ್‌ನ ಎಡ್ವರ್ಡ್ ಲೆಮ್ಕೆ ಅವರ ಗುಂಪುಗಳು ಪೈರೊಲೈಸೀನ್ ಜೋಡಿಯಿಂದ ಅಂಥ ಉಂಗುರಗಳನ್ನು ಸಸ್ತನಿ ಕೋಶದ ಪ್ರೋಟೀನುಗಳಲ್ಲಿ ಕೂರಿಸಿದವು. ತನಗೆ ಜೋಡಿಸಿದ ಕೆಲವು ಬಣ್ಣಗಳನ್ನು ಟೆಟ್ರಜೀನ್ ಮಂಕಾಗಿಸಿಟ್ಟಿರುತ್ತದೆ, ಉಂಗುರದೊಡನೆ ಕೂಡಿದ ಮೇಲಷ್ಟೇ ಅವು ಬೆಳಗುತ್ತವೆ. ಅತಿ ಸೂಕ್ಷ್ಮ ವಿವರ ಹಿಡಿಯುವ ಸೂಪರ್ ರೆಸಲ್ಯೂಶನ್ ಸೂಕ್ಷ್ಮದರ್ಶಕಗಳಿಗೆ ಇದು ಹೇಳಿ ಮಾಡಿಸಿದ್ದು. ನಾನು ಆರಿಸಬೇಕಾದರೆ, ಪ್ರೋಟೀನು ‘ಎಲ್ಲಿದೆ’ ಎಂಬ ಪ್ರಶ್ನೆಗೆ ಎರಡು ಹಂತದ ದಾರಿ, ‘ಹೇಗೆ ಅಲುಗಿತು, ಯಾವುದಕ್ಕೆ ಮೈಯೊಡ್ಡಿತು’ ಎಂಬುದಕ್ಕೆ ತಾನೇ ಹೊಳೆಯುವ ಅಮೈನೋ ಆಮ್ಲ.

ಒಂದೇ ಪ್ರೋಟೀನಲ್ಲ, ಒಂದು ಅವಧಿಯಲ್ಲಿ ಹೊಸದಾಗಿ ತಯಾರಾದ ಎಲ್ಲ ಪ್ರೋಟೀನುಗಳೂ ಬೇಕೆಂದಾದರೆ ಯುಎಜಿಯ ಗೊಡವೆಯೇ ಬೇಡ. ಮೀಥಿಯೊನೀನ್ ಹೋಲುವ ಅಜಿಡೊಹೋಮೊಅಲನೀನನ್ನು ಕೋಶದ ಸ್ವಂತ ಸಿಂಥಟೇಸ್ ಸಂಶಯಪಡದೆ ಸ್ವೀಕರಿಸುತ್ತದೆ. ಡೇನಿಯೆಲಾ ಡೀಟೆರಿಚ್, ಡೇವಿಡ್ ಟಿರೆಲ್, ಎರಿನ್ ಶೂಮನ್ 2006ರಲ್ಲಿ ಇದನ್ನು ಹೊಸ ಪ್ರೋಟೀನುಗಳನ್ನು ಬೇರ್ಪಡಿಸಲು, 2010ರಲ್ಲಿ ನರಕೋಶಗಳಲ್ಲಿ ಅವನ್ನು ಬಣ್ಣದಿಂದ ನೋಡಲು ಬಳಸಿದರು. ಇನ್ನು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಬೆಳಗಿಸುವ ಪ್ರತಿದೀಪ್ತ ಡಿ-ಅಮೈನೋ ಆಮ್ಲಗಳೂ 2012ರಿಂದ ಜನಪ್ರಿಯ. ಹೆಸರು ಹೋಲುವುದರಿಂದ ಎರಡನ್ನೂ ಬೆರೆಸುವುದುಂಟು, ಆದರೆ ಅಲ್ಲಿ ರೈಬೋಸೋಮ್‌ಗೆ ಪಾತ್ರವಿಲ್ಲ, ಗುರುತು ಕೂರುವುದು ಪ್ರೋಟೀನಿನಲ್ಲೂ ಅಲ್ಲ.

ಖಾಲಿ ಕೋಡಾನಿನ ಹುಡುಕಾಟ

ಯುಎಜಿಯನ್ನು ಪೂರ್ತಿ ಬಿಡಿಸಿಕೊಳ್ಳುವ ಪ್ರಯತ್ನ 2013ರಲ್ಲಿ ಫಲಿಸಿತು. ಜಾರ್ಜ್ ಚರ್ಚ್, ಫ್ಯಾರೆನ್ ಐಸಾಕ್ಸ್ ಮುಂತಾದವರು ಇ. ಕೋಲಿಯ ಜೀನೋಮಿನಲ್ಲಿದ್ದ 321 ಯುಎಜಿಗಳನ್ನೂ ಯುಎಎ ಆಗಿ ಬದಲಿಸಿ, ಯುಎಜಿ ಓದುವ ಬಿಡುಗಡೆ ಅಂಶವನ್ನೇ ತೆಗೆದುಹಾಕಿದರು. 2019ರಲ್ಲಿ ಚಿನ್ ಗುಂಪು 18,214 ಕೋಡಾನ್‌ಗಳನ್ನು ತಿದ್ದಿ, 61 ಕೋಡಾನ್‌ಗಳಲ್ಲೇ ಬದುಕುವ ಇ. ಕೋಲಿ ಕಟ್ಟಿತು. ಖಾಲಿಯಾದ ಮೂರರಲ್ಲಿ ಬೇರೆ ಬೇರೆ ಅಮೈನೋ ಆಮ್ಲಗಳನ್ನು ಕೂರಿಸಬಹುದು, ಅಂದರೆ ಒಂದೇ ಪ್ರೋಟೀನಿನಲ್ಲಿ ಎರಡು ಗುರುತು ಇಟ್ಟು ಅವುಗಳ ನಡುವಿನ ದೂರ ಅಳೆಯಬಹುದು. ಮನುಷ್ಯ ಕೋಶಕ್ಕೆ ಇಂಥ ತಿದ್ದುಪಡಿ ಇನ್ನೂ ದೂರದ ಮಾತು. ಅಲ್ಲಿ ಬಿಡುಗಡೆ ಅಂಶವನ್ನು ಒಂದು ಅಮೈನೋ ಆಮ್ಲದಷ್ಟು ಬದಲಿಸಿ ಸ್ಪರ್ಧೆಯನ್ನು ತಗ್ಗಿಸುವುದಷ್ಟೇ ಸದ್ಯ ಚಾಲ್ತಿಯಲ್ಲಿದೆ.

ಕೋಡಾನ್ ಸಿಕ್ಕರೂ ಬಣ್ಣದ ಮಿತಿ ಉಳಿಯುತ್ತದೆ. ಇದುವರೆಗೆ ನೇರವಾಗಿ ಸೇರಿಸಲು ಸಾಧ್ಯವಾಗಿರುವ ಪ್ರತಿದೀಪ್ತ ಅಮೈನೋ ಆಮ್ಲಗಳಲ್ಲಿ ಹೆಚ್ಚಿನವು ನೀಲಿ ಅಥವಾ ನೀಲಿ-ಹಸಿರು. ಕೋಶಕ್ಕೆ ಹಿತವಾದ, ಅಂಗಾಂಶದೊಳಗೆ ಆಳಕ್ಕೆ ಇಳಿಯುವ ಕೆಂಪು ಬೆಳಕಿನಲ್ಲಿ ಹೊಳೆಯಬೇಕಾದರೆ ಅಣುವಿನಲ್ಲಿ ಉಂಗುರಗಳ ಸಾಲು ಉದ್ದವಾಗಬೇಕು. ಉದ್ದವಾದಂತೆ ಅದು ಸಿಂಥಟೇಸಿನ ಕುಳಿಯಲ್ಲಿ ಹಿಡಿಯುವುದಿಲ್ಲ, ಕೋಶದ ಪೊರೆ ದಾಟುವುದೂ ಕಷ್ಟವಾಗುತ್ತದೆ. ಕೆಂಪು ಬೇಕಾದವರು ಸದ್ಯಕ್ಕೆ ಟೆಟ್ರಜೀನ್ ಕೊಕ್ಕೆಯನ್ನೇ ನೆಚ್ಚಿದ್ದಾರೆ.